ಮನುಷ್ಯರ ಕ್ರಯಪತ್ರಕ್ಕೆ ‘ಐಬು’ ಎಂಬ ಪದ ಸಲ್ಲುತ್ತದೆಯೇ?

ಅಮೆರಿಕದ ಲೂಯಿಸಿಯಾನಾದಲ್ಲಿ ಗುಲಾಮರನ್ನು ಕೊಂಡವರು ಮಾರಿದವರ ಮೇಲೆ ಹೂಡುತ್ತಿದ್ದ ದಾವೆಗಳ ಬಗ್ಗೆ ಬರೆಯುತ್ತಿದ್ದೇನೆ. ಕೊಳ್ಳುವಾಗ ಕಣ್ಣಿಗೆ ಬೀಳದ ‘ವೈಸ್’ (vice, ಅಂದರೆ ಕುಂದು) ಆಮೇಲೆ ಹೊರಬಿದ್ದರೆ, ಆ ವ್ಯಕ್ತಿಯನ್ನು ಮಾರಿದವನಿಗೇ ಒಪ್ಪಿಸಿ ಹಣ ವಾಪಸು ಕೇಳಲು ಅಲ್ಲಿನ 1825ರ ಸಿವಿಲ್ ಕೋಡ್ ಅವಕಾಶ ಕೊಟ್ಟಿತ್ತು. ಈ ‘ವೈಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಕೋಡ್ ಅದನ್ನು ಮೈಯದು, ಗುಣದ್ದು ಎಂದು ಎರಡು ಮಾಡುತ್ತದೆ. ಕುಷ್ಠ, ಹುಚ್ಚು, ಮೂರ್ಛೆರೋಗ ಇದ್ದುದು ರುಜುವಾತಾದರೆ ಸಾಕು, ಮಾರಾಟ ರದ್ದು. ಗುಣದ ಲೆಕ್ಕದಲ್ಲಿ ಕಳ್ಳತನದ ಚಟವಿದೆ, ಓಡಿಹೋಗುವ ಚಾಳಿಯೂ ಇದೆ. ‘ದುರ್ಗುಣ’ ಎಂದರೆ ಕುಷ್ಠ ಹೊರಗುಳಿಯುತ್ತದೆ. ‘ದೋಷ’ ಎರಡಕ್ಕೂ ಹೊಂದಿದರೂ ಅದರಲ್ಲಿ ಸಂತೆಯ ವಾಸನೆಯಿಲ್ಲ. ದನದ ಜಾತ್ರೆಯಲ್ಲಿ ಎತ್ತು ಕುಂಟಿದರೂ ಐಬು, ಹಾಯ್ದರೂ ಐಬು. ನನ್ನ ಒಲವು ಅತ್ತ ಕಡೆಗೇ. ದನದ ಮಾತನ್ನು ಮನುಷ್ಯರಿಗೆ ಹಚ್ಚಬಹುದೇ ಎಂದು ಕೇಳುವವರಿಗೆ ಇಷ್ಟು ಹೇಳಬೇಕು: ಆ ಕೋಡ್ ಗುಲಾಮರ ಮತ್ತು ಪ್ರಾಣಿಗಳ ‘ವೈಸ್’ಗಳನ್ನು ಒಂದೇ ವಿಧಿಯಲ್ಲಿ ಹೇಳಿ, ಬೆನ್ನಿಗೇ ಕುದುರೆ, ಹೇಸರಗತ್ತೆಗಳ ರೋಗಗಳಿಗೆ ಬರುತ್ತದೆ. ಈ ಕಾನೂನಿನ ಬೇರು ಪ್ರಾಚೀನ ರೋಮ್‌ನ ಸಂತೆ ಅಧಿಕಾರಿಗಳ ಆಜ್ಞೆಯಲ್ಲಿದೆ. ಅಲ್ಲಿಯೂ ಹೀಗೆಯೇ. ಮೆದುವಾದ ಪದ ಹಾಕಿದರೆ ಆ ಕ್ರೌರ್ಯವನ್ನು ನಾವೇ ಮುಚ್ಚಿದಂತಾಗುತ್ತದೆ.

ಓಡಿಹೋಗುವುದನ್ನು ಐಬು ಎಂದು ನನ್ನ ಮಾತಾಗಿ ಬರೆಯಲು ಮಾತ್ರ ಮನಸ್ಸು ಒಪ್ಪುವುದಿಲ್ಲ. ಬಿಡುಗಡೆ ಬಯಸಿದವರು ಮಾಡಿದ ಕೆಲಸ ಅದು. 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಅದಕ್ಕೆ ‘ಡ್ರಾಪೆಟೊಮೇನಿಯಾ’ ಎಂದು ಕಾಯಿಲೆಯ ಹೆಸರನ್ನೇ ಕೊಟ್ಟ. ಕಾನೂನಿನ ಮಾತನ್ನು ಉದ್ಧರಿಸುವಾಗ ಉದ್ಧರಣ ಚಿಹ್ನೆಯೊಳಗೆ ‘ಐಬು’, ನನ್ನ ನಿರೂಪಣೆಯಲ್ಲಿ ‘ತಪ್ಪಿಸಿಕೊಂಡರು’ ಎಂದಿಡಬೇಕೆಂದಿದ್ದೇನೆ.

ಇನ್ನೊಂದು ತೊಡಕು 1835ರ ಇಕಾರ್–ಸುವಾರೆಸ್ ಮೊಕದ್ದಮೆಯದು. ಕೇಟ್ ಎಂಬ ಹೆಂಗಸಿಗೆ ಹುಚ್ಚಿದೆ ಎಂದು ಕೊಂಡವನ ದೂರು. ಹುಚ್ಚಲ್ಲ, ಬುದ್ಧಿ ಮಂದ ಅಷ್ಟೆ, ಅದು ನೋಡಿದರೇ ತಿಳಿಯುವಂಥದ್ದು ಎಂದು ಮಾರಿದವನ ವಾದ. ಕೋರ್ಟ್ ಒಪ್ಪಲಿಲ್ಲ, ಮಾರಾಟ ರದ್ದಾಯಿತು. ಇಲ್ಲಿ ‘ಬುದ್ಧಿಮಾಂದ್ಯ’ ಎಂದರೆ ಇಂದಿನ ವೈದ್ಯಶಾಸ್ತ್ರದ ಮಾತಾಗುತ್ತದೆ. ಸಂತೆಯ ಬಾಯಿಗೆ ‘ಮಂಕು’ ಸರಿಯೆಂದು ತೋರುತ್ತದೆ. ಕೇಟ್ ಏನು ಹೇಳಿದಳೆಂದು ಯಾರೂ ಕೇಳದ ಮೊಕದ್ದಮೆಯಲ್ಲಿ ಅವಳ ಮೇಲೆ ಹೊರಿಸಿದ ಪದವನ್ನಾದರೂ ಎಚ್ಚರದಿಂದ ಆರಿಸಬೇಕು.

ಹೀಗೆ ಮಾರಾಟ ಮುರಿದು ವಾಪಸು ಒಪ್ಪಿಸುವುದಕ್ಕೆ ಅಲ್ಲಿನ ಹೆಸರು ‘ರೆಡ್‌ಹಿಬಿಷನ್’. ಐಬು ಹೊರಬಿದ್ದ ದನವನ್ನು ಮಾರಿದವನಿಗೆ ತಿರುಗಿ ಕೊಡುವುದಕ್ಕೆ ನಿಮ್ಮ ಸೀಮೆಯಲ್ಲಿ ಪದವಿದ್ದರೆ, ಯಾವ ಊರಿನ ಬಳಕೆ ಎಂಬುದರ ಸಮೇತ ತಿಳಿಸಿ.