ಹತ್ತು ತಿಂಗಳ ಮಗುವನ್ನು ಸೈಕಲ್ ಮೇಲೆ ಕರೆದುಕೊಂಡು ಹೋಗಬಹುದಾ ಡಾಕ್ಟ್ರೇ?

ಪ್ರಶ್ನೆ (ಒಬ್ಬ ಅಮ್ಮ, ಬನಶಂಕರಿ):

ಮೇಡಂ ನಮಸ್ತೆ. ನನ್ನ ಮಗಳಿಗೆ ಈಗ ಹತ್ತು ತಿಂಗಳು. ನಮ್ಮ ಯಜಮಾನರಿಗೆ ಸೈಕಲ್ ಅಂದರೆ ಪ್ರಾಣ, ಭಾನುವಾರ ಬೆಳಗ್ಗೆ ಆರಕ್ಕೇ ಹೊರಟುಬಿಡುತ್ತಾರೆ. ಈಗ ಆನ್‌ಲೈನ್‌ನಲ್ಲಿ ಮಗುವಿನ ಸೀಟು ತರಿಸಿದ್ದಾರೆ, ಹಿಂದಿನ ಕ್ಯಾರಿಯರ್ ಮೇಲೆ ಕೂರಿಸುವಂಥದ್ದು. ಮುಂದಿನ ಭಾನುವಾರ ಮಗುವನ್ನೂ ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರಂತೆ. ನಮ್ಮ ಅತ್ತೆ ಬೇಡವೇ ಬೇಡ ಅಂತ ಹಟ ಹಿಡಿದು ಕೂತಿದ್ದಾರೆ. ಮಗು ಚೆನ್ನಾಗಿ ಕೂರುತ್ತಾಳೆ, ಸೋಫಾ ಹಿಡಿದು ನಿಲ್ಲುತ್ತಾಳೆ. ಯಾರ ಮಾತು ಕೇಳಲಿ?

ಡಾಕ್ಟರ್:

ನಮಸ್ತೆ. ಈ ಸಲ ನಿಮ್ಮ ಅತ್ತೆಯವರ ಮಾತೇ ನಡೆಯಲಿ. ಹತ್ತು ತಿಂಗಳಿಗೆ ಸೈಕಲ್ ಬೇಡ. ಪಾರ್ಕ್ ಆದರೂ ಬೇಡ, ಮನೆ ಮುಂದಿನ ರಸ್ತೆಯಾದರೂ ಬೇಡ.

ಕಾರಣ ಕತ್ತು. ಚಾಪೆ ಮೇಲೆ ಕೂರುವುದು ಬೇರೆ, ಓಡುವ ಸೈಕಲ್ ಮೇಲೆ ಕೂರುವುದು ಬೇರೆ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅದನ್ನು ಹೊರುವ ಕತ್ತು ಇನ್ನೂ ಎಳೆಯದು. ಬಣ್ಣ ಬಳಿಯದ ಹಂಪ್ ಮೇಲೆ ಚಕ್ರ ಹತ್ತಿ ಇಳಿದಾಗ ನಮಗೇ ಸೊಂಟಕ್ಕೆ ಏಟು ಬಿದ್ದಂತಾಗುತ್ತದೆ, ಅಲ್ವಾ? ಆ ಪುಟ್ಟ ತಲೆ ಹಿಂದೆ ಮುಂದೆ ಎಷ್ಟು ತೂಗಾಡಬಹುದು ಯೋಚಿಸಿ. ಹೆಲ್ಮೆಟ್ ಹಾಕಿದರೆ ಅದರ ಮೇಲೆ ಇನ್ನೂ 200-250 ಗ್ರಾಂ ಭಾರ ಬೀಳುತ್ತದೆ, ಹಾಕದೆ ಕೂರಿಸುವ ಹಾಗೇ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಕೂಡ ಒಂದು ವರ್ಷದೊಳಗೆ ಬೇಡ ಅಂತಲೇ ಹೇಳುತ್ತದೆ.

ಸೀಟನ್ನು ವಾಪಸ್ ಮಾಡಬೇಡಿ, ಎತ್ತಿಡಿ. ನಿಮ್ಮ ಯಜಮಾನರ ಆಸೆಯಲ್ಲಿ ತಪ್ಪೇನಿಲ್ಲ, ಎರಡು ಮೂರು ತಿಂಗಳು ತಡೆದರೆ ಸಾಕು. ಒಂದು ವರ್ಷ ತುಂಬಿ, ಯಾರ ಆಸರೆಯೂ ಇಲ್ಲದೆ ಗಟ್ಟಿಯಾಗಿ ಕೂತು, ತೂಕ 9 ಕೆ.ಜಿ. ದಾಟಿದ ಮೇಲೆ ಶುರು ಮಾಡಿ. ಯುರೋಪಿನ ಅಳತೆಯಂತೆ ಮಾಡಿದ ಹಿಂದಿನ ಸೀಟುಗಳು 9ರಿಂದ 22 ಕೆ.ಜಿ. ತೂಕದ ಮಕ್ಕಳಿಗೆ. ನಿಮ್ಮ ಸೀಟಿನ ಮೇಲೂ ತೂಕ ಬರೆದಿರಬೇಕು, ನೋಡಿ. ಬರೆದಿಲ್ಲ ಅಂದರೆ ಆ ಸೀಟನ್ನು ನಾನಂತೂ ನಂಬುವುದಿಲ್ಲ. ಬೆನ್ನಿನ ಹಲಗೆ ಮಗುವಿನ ತಲೆಯವರೆಗೂ ಬರಬೇಕು, ಬೆಲ್ಟ್ ಎರಡೂ ಭುಜದ ಮೇಲಿಂದ ಬರಬೇಕು, ಕಾಲಿಗೆ ಎರಡು ಪಕ್ಕ ಅಡ್ಡಗಟ್ಟು ಇರಬೇಕು, ಪಾದ ಕಟ್ಟುವ ಪಟ್ಟಿ ಇರಬೇಕು. ಸೈಕಲ್ಲಿನ ಕ್ಯಾರಿಯರ್ ಮೇಲೂ ಎಷ್ಟು ತೂಕ ತಡೆಯುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಕಾರ್ಬನ್ ಫ್ರೇಮಿನ ಸೈಕಲ್ ಆಗಿದ್ದರೆ ಸೀಟು ಕಟ್ಟಲೇಬೇಡಿ.

ಇನ್ನೊಂದು ಮಾತು. ಅಪ್ಪ ಅಮ್ಮಂದಿರಿಗೆ ಬಸ್ಸು, ಟ್ಯಾಂಕರ್ ಭಯ. ಆ ಭಯ ನ್ಯಾಯವೇ. ಆದರೆ ಮೂಳೆ ನೋಡುವ ನನ್ನ ಹತ್ತಿರ ಬರುವ ಚಿಕ್ಕ ಮಕ್ಕಳಲ್ಲಿ ಬಹಳಷ್ಟು ಜನ ವೇಗದಲ್ಲಿ ಹೋಗಿ ಬಿದ್ದವರಲ್ಲ. ನಿಂತ ಸೈಕಲ್ ಮಗುಚಿ ಬಿದ್ದವರು, ಚಕ್ರಕ್ಕೆ ಕಾಲು ಕೊಟ್ಟವರು. ನನ್ನ ಮನೆಯಲ್ಲೇ ಆಗಿದೆ. ಮಗನಿಗೆ ಆಗ ಎರಡು ವರ್ಷ. ಬೆಲ್ಟ್ ಹಾಕಿ ಕೂರಿಸಿ, ಸೈಕಲ್ಲಿಗೆ ಸೈಡ್ ಸ್ಟ್ಯಾಂಡ್ ಹಾಕಿ, ಗೇಟಿನ ಬೀಗ ಹಾಕಲು ತಿರುಗಿದೆ, ಅಷ್ಟೇ. ಅವನು ಬೆಕ್ಕು ನೋಡಲು ಒಂದು ಕಡೆ ವಾಲಿದ, ಸೈಕಲ್ ಅವನ ಸಮೇತ ಬಿತ್ತು. ಹೆಲ್ಮೆಟ್ ಸೀಳಿತ್ತು, ತಲೆಗೆ ಏನೂ ಆಗಲಿಲ್ಲ, ಮೊಣಕೈ ತರಚಿತ್ತು. ಆ ಸದ್ದು ನನಗೆ ಈಗಲೂ ನೆನಪಿದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಬೀಗ, ಬಾಟಲಿ, ಚೀಲ ಎಲ್ಲ ಮುಗಿದ ಮೇಲೆ ಕೊನೆಗೆ ಮಗು ಹತ್ತುತ್ತದೆ. ನಿಲ್ಲಿಸಿದ ತಕ್ಷಣ ಮೊದಲು ಮಗು ಇಳಿಯುತ್ತದೆ. ಮಗು ಸೀಟಿನಲ್ಲಿ ಇರುವಷ್ಟು ಹೊತ್ತು ಒಬ್ಬರ ಎರಡು ಕೈ ಹ್ಯಾಂಡಲ್ ಮೇಲೆ. ಫೋನ್ ಬಂದರೂ ಅಷ್ಟೇ.

ಪ್ರಶ್ನೆ (ಒಬ್ಬ ಅಪ್ಪ, ವೈಟ್‌ಫೀಲ್ಡ್):

ಮೇಡಂ, ಮುಂದಿನ ಸೀಟು ಒಳ್ಳೆಯದಾ ಹಿಂದಿನದಾ? ಮುಂದೆ ಇದ್ದರೆ ಮಗು ಕಣ್ಣಿಗೆ ಕಾಣುತ್ತಿರುತ್ತದೆ ಅಂತ ನನ್ನ ಲೆಕ್ಕ. ಹಿಂದೆ ಎಳೆದುಕೊಂಡು ಹೋಗುವ ಟ್ರೈಲರ್ ಕೂಡ ನೋಡಿದೆ, ಚೆನ್ನಾಗಿ ಕಾಣುತ್ತದೆ. ಮಗನಿಗೆ ಎರಡು ವರ್ಷ, 12 ಕೆ.ಜಿ.

ಡಾಕ್ಟರ್:

ಟ್ರೈಲರ್ ಇಲ್ಲಿಗೆ ಬೇಡ. ಸೈಕಲ್ಲಿಗೇ ಬೇರೆ ದಾರಿ ಇರುವ ಊರಿನಲ್ಲಿ ಅದು ಒಳ್ಳೆಯ ಸಾಧನ, ಮಗು ನೆಲಕ್ಕೆ ಹತ್ತಿರ ಇರುವುದರಿಂದ ಬಿದ್ದರೂ ಎತ್ತರದಿಂದ ಬೀಳುವುದಿಲ್ಲ. ನಮ್ಮಲ್ಲಿ ಅದೇ ತೊಂದರೆ. ಬಸ್ ಡ್ರೈವರ್ ಕಣ್ಣಿಗೆ ಅದು ಕಾಣುವುದಿಲ್ಲ, ಮಗುವಿನ ಮೂಗು ಸರಿಯಾಗಿ ವಾಹನಗಳ ಹೊಗೆ ಬರುವ ಎತ್ತರಕ್ಕೇ ಇರುತ್ತದೆ. ಗೇಟೆಡ್ ಲೇಔಟ್ ಒಳಗೆ ಮಾತ್ರ ಓಡಿಸುವುದಾದರೆ ಅಡ್ಡಿಯಿಲ್ಲ.

ಮುಂದಿನ ಸೀಟು 15 ಕೆ.ಜಿ.ವರೆಗೆ ಮಾತ್ರ, ಇನ್ನೊಂದು ವರ್ಷದಲ್ಲಿ ನಿಮ್ಮ ಮಗನಿಗೆ ಸಾಲುವುದಿಲ್ಲ. ಮಗು ಕಣ್ಣ ಮುಂದೆ ಇರುತ್ತದೆ ಅನ್ನುವುದು ನಿಜ, ಮಾತಾಡಿಕೊಂಡು ಹೋಗಬಹುದು, ಅದರ ಸಂತೋಷವೇ ಬೇರೆ. ಆದರೆ ನಿಮ್ಮ ಮೊಣಕಾಲು ತಗುಲುತ್ತದೆ, ಹ್ಯಾಂಡಲ್ ಪೂರ್ತಿ ತಿರುಗದೆ ಹೋಗಬಹುದು, ಮುಂದಕ್ಕೆ ಮುಗ್ಗರಿಸಿದರೆ ಮಗುವಿನ ಮೇಲೆ ನೀವು ಬೀಳುತ್ತೀರಿ. ನಾನು ಹಿಂದಿನದನ್ನೇ ಹೇಳುತ್ತೇನೆ. ನಿಮ್ಮ ಸೀಟಿನ ಕೆಳಗೆ ಹಳೆ ಮಾದರಿಯ ಸ್ಪ್ರಿಂಗ್ ಇದ್ದರೆ ಮುಚ್ಚಿಸಿ. ಹಿಂದೆ ಕೂತ ಮಗು ಅದರಲ್ಲಿ ಬೆರಳು ಇಡುತ್ತದೆ, ನೀವು ಹಂಪ್ ಹತ್ತಿಸಿದಾಗ ಬೆರಳು ಜಜ್ಜುತ್ತದೆ.

ಮೊದಲ ವಾರ ಮಗುವನ್ನು ಕೂರಿಸಬೇಡಿ. 10 ಕೆ.ಜಿ. ಅಕ್ಕಿ ಮೂಟೆಯನ್ನು ಸೀಟಿನಲ್ಲಿ ಇಟ್ಟು, ಬೆಲ್ಟ್ ಹಾಕಿ, ನಿಮ್ಮ ಲೇಔಟ್‌ನಲ್ಲೇ ಸುತ್ತಿ. ಹತ್ತುವಾಗ ಕಾಲು ಹಿಂದಿನಿಂದ ಬೀಸುವ ಅಭ್ಯಾಸ ಬಿಡಬೇಕಾಗುತ್ತದೆ, ಇಲ್ಲದಿದ್ದರೆ ಮಗುವಿನ ಮುಖಕ್ಕೇ ಒದೆಯುತ್ತೀರಿ. ಹಿಂದೆ ಭಾರ ಇದ್ದಾಗ ನಿಲ್ಲಿಸಲು ಜಾಸ್ತಿ ದೂರ ಬೇಕು, ನಿಧಾನವಾದಾಗ ಸೈಕಲ್ ಒಂದು ಕಡೆ ಎಳೆಯುತ್ತದೆ. ಅದೆಲ್ಲ ಅಕ್ಕಿ ಮೂಟೆ ಇರುವಾಗಲೇ ಗೊತ್ತಾಗಲಿ.

ಪ್ರಶ್ನೆ (ಇನ್ನೊಬ್ಬ ಅಮ್ಮ, ಯಲಹಂಕ):

ಸೈಕಲ್ ವಿಷಯ ಸರಿ ಮೇಡಂ, ನಮ್ಮಂಥವರಿಗೆ ದಿನಾ ಸ್ಕೂಟರ್. ಮೂರು ವರ್ಷದ ಮಗನನ್ನು ಪ್ಲೇಸ್ಕೂಲಿಗೆ ಮುಂದೆ ನಿಲ್ಲಿಸಿಕೊಂಡೇ ಹೋಗುವುದು. ಹಿಂದೆ ಕೂರಿಸಿದರೆ ನಿದ್ದೆ ಮಾಡಿಬಿಡುತ್ತಾನೆ. ಈಗ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡಿದ್ದೇವೆ. ಏನು ನೋಡಿಕೊಳ್ಳಬೇಕು?

ಡಾಕ್ಟರ್:

ನೀವು ಕೇಳಿದ್ದು ಒಳ್ಳೆಯದಾಯಿತು, ಈ ಊರಿನಲ್ಲಿ ಸೈಕಲ್‌ಗಿಂತ ಇದೇ ದೊಡ್ಡ ವಿಷಯ.

ಮುಂದೆ ನಿಲ್ಲಿಸುವುದನ್ನು ದಯವಿಟ್ಟು ನಿಲ್ಲಿಸಿ. ನೀವು ಜೋರಾಗಿ ಬ್ರೇಕ್ ಹಾಕಿದರೆ ಅವನ ಗಲ್ಲ, ಹಲ್ಲು ನೇರ ಹ್ಯಾಂಡಲ್‌ಗೆ ಬಡಿಯುತ್ತವೆ. ಅವನ ಹಿಂದೆ ನಿಮ್ಮ ತೂಕ ಬೇರೆ ಬಂದು ಒತ್ತುತ್ತದೆ. 40 ಕಿ.ಮೀ. ವೇಗದಲ್ಲಿ ಡಿಕ್ಕಿ ಅಂದರೆ ಸುಮಾರು ಎರಡು ಮಹಡಿ ಎತ್ತರದಿಂದ ಬಿದ್ದ ಹಾಗೆ.

ಎಲೆಕ್ಟ್ರಿಕ್ ಗಾಡಿಗೆ ಇನ್ನೊಂದು ಅಪಾಯ ಇದೆ. ಆನ್ ಆಗಿದ್ದರೂ ಸದ್ದು ಬರುವುದಿಲ್ಲ. ನೀವು ಇಳಿದು ಚೀಲ ಎತ್ತಿಕೊಳ್ಳುವಾಗ ಮಗು ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಮಗು ಸಮೇತ ಚಿಮ್ಮುತ್ತದೆ. ಮಗು ಹತ್ತುವ ಮೊದಲೂ ಇಳಿಯುವ ಮೊದಲೂ ಗಾಡಿ ಆಫ್ ಮಾಡಿ. ಪಾರ್ಕ್ ಮೋಡ್ ಅಂತ ಸುಮ್ನೆ ಬಿಡಬೇಡಿ, ಪೂರ್ತಿ ಆಫ್.

ಕಾನೂನೂ ಇದೆ. ನಾಲ್ಕು ವರ್ಷದೊಳಗಿನ ಮಕ್ಕಳಿಗಾಗಿ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ಮಾಡಿತು, 2023ರ ಫೆಬ್ರವರಿಯಿಂದ ಅದು ಜಾರಿಯಲ್ಲಿದೆ. ಮಗುವನ್ನು ಓಡಿಸುವವರಿಗೆ ಜೋಡಿಸುವ ಸುರಕ್ಷತಾ ಬೆಲ್ಟ್ ಬೇಕು, 30 ಕೆ.ಜಿ.ವರೆಗೆ ತಡೆಯುವಂಥದ್ದು. 9 ತಿಂಗಳಿಂದ 4 ವರ್ಷದವರೆಗೆ ತಲೆಗೆ ಸರಿಹೊಂದುವ ಹೆಲ್ಮೆಟ್ ಬೇಕು, ಸೈಕಲ್ ಹೆಲ್ಮೆಟ್ ಆದರೂ ನಡೆಯುತ್ತದೆ. ವೇಗ 40 ದಾಟಬಾರದು. ನಾಲ್ಕು ವರ್ಷ ದಾಟಿದ ಮೇಲೆ ದೊಡ್ಡವರ ಹಾಗೆಯೇ ಹೆಲ್ಮೆಟ್ ಕಡ್ಡಾಯ.

ಬೆಲ್ಟ್ ಇದ್ದರೆ ನಿದ್ದೆಯ ತೊಂದರೆ ಅರ್ಧ ಕಡಿಮೆಯಾಗುತ್ತದೆ, ಅವನು ಪಕ್ಕಕ್ಕೆ ಜಾರುವುದಿಲ್ಲ. ಪೂರ್ತಿ ಹೋಗುವುದಿಲ್ಲ, ತಲೆ ತೂಗಾಡುತ್ತಲೇ ಇರುತ್ತದೆ. ಮಗು ಪೂರಾ ನಿದ್ದೆಗೆ ಜಾರಿದರೆ ಪಕ್ಕಕ್ಕೆ ನಿಲ್ಲಿಸಿ ಎಬ್ಬಿಸಿ, ಇಲ್ಲ ಅಂದರೆ ಆಟೋ ಹಿಡಿಯಿರಿ. ಆಟೋಗೆ ದಿನಾ ಕೊಡಲು ಆಗುವುದಿಲ್ಲ, ನನಗೂ ಗೊತ್ತು. ನಿದ್ದೆ ಬರುವ ದಿನಕ್ಕಾದರೂ ಅಷ್ಟು ತೆಗೆದಿಡಿ.

ಪ್ರಶ್ನೆ (ಒಬ್ಬರು ತಾತ, ಮಲ್ಲೇಶ್ವರ):

ನಾನು ನನ್ನ ಮಕ್ಕಳನ್ನು ಸೈಕಲ್ ಬಾರ್ ಮೇಲೆ ಪುಟ್ಟ ಸೀಟು ಹಾಕಿ ಊರೆಲ್ಲ ಸುತ್ತಿಸಿದ್ದೇನೆ, ಯಾರಿಗೂ ಏನೂ ಆಗಲಿಲ್ಲ. ಈಗ ಮೊಮ್ಮಗಳಿಗೆ ಐದು ವರ್ಷ. ಹಿಂದೆ ಕ್ಯಾರಿಯರ್ ಮೇಲೆ ದಿಂಬು ಕಟ್ಟಿ ಕೂರಿಸುತ್ತೇನೆ, ನನ್ನ ಷರ್ಟ್ ಹಿಡಿದುಕೊಳ್ಳುತ್ತಾಳೆ. ಇದಕ್ಕೂ ಇಷ್ಟೆಲ್ಲ ಬೇಕಾ?

ಡಾಕ್ಟರ್:

ಅಂಕಲ್, ನೀವು ಹೇಳುವ ಕಾಲದಲ್ಲಿ ನಮ್ಮ ಅಪ್ಪನೂ ನನ್ನನ್ನು ಹಾಗೇ ಕರೆದುಕೊಂಡು ಹೋಗುತ್ತಿದ್ದರು, ಸಂಪಿಗೆ ರಸ್ತೆಯಲ್ಲೇ. ಆಗ ರಸ್ತೆ ಖಾಲಿ ಇತ್ತು. ಆದರೆ ನನಗೆ ಭಯ ರಸ್ತೆಯದ್ದಲ್ಲ, ಮೊಮ್ಮಗಳ ಕಾಲಿನದ್ದು.

ಕ್ಯಾರಿಯರ್ ಮೇಲೆ ಕಾಲು ಇಳಿಬಿಟ್ಟು ಕೂತ ಮಗು ಹಿಂದಿನ ಚಕ್ರಕ್ಕೆ ಒಂದು ಗೇಣು ದೂರದಲ್ಲಿ ಇರುತ್ತದೆ. ಕಾಲು ಸೋತಾಗ ಒಳಗೆ ವಾಲುತ್ತದೆ, ಸ್ಪೋಕ್ಸ್‌ಗೆ ಹಿಮ್ಮಡಿ ಸಿಕ್ಕುತ್ತದೆ. ಹಿಮ್ಮಡಿಯ ಹಿಂದೆ ಚರ್ಮದ ಕೆಳಗೆ ಮಾಂಸವೇ ಇಲ್ಲ, ನೇರ ನರ, ಮೂಳೆ. ಮೇಲೆ ನೋಡಿದರೆ ತರಚಿದಷ್ಟೇ ಕಾಣುತ್ತದೆ, ನಾಲ್ಕೈದು ದಿನಕ್ಕೆ ಆ ಚರ್ಮ ಕಪ್ಪಾಗಿ ಸಾಯುತ್ತದೆ. ಎಷ್ಟೋ ಮಕ್ಕಳಿಗೆ ತೊಡೆಯಿಂದ ಚರ್ಮ ತೆಗೆದು ಹಾಕಬೇಕಾಗುತ್ತದೆ. ಐದು ವರ್ಷದ ಮಗು ವಾರಗಟ್ಟಲೆ ನಡೆಯದೆ ಮಲಗಿರುವುದನ್ನು ನೋಡುವುದು ಕಷ್ಟ ಅಂಕಲ್.

ಸೈಕಲ್ ಅಂಗಡಿಯಲ್ಲಿ ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಜಾಲರಿ ಹಾಕಿಸಿ, ಕಾಲಿಡಲು ಫುಟ್‌ರೆಸ್ಟ್ ಹಾಕಿಸಿ. ಬೈಕ್‌ಗಳಿಗೆ ಹಿಂದೆ ಹಿಡಿಕೆ, ಫುಟ್‌ರೆಸ್ಟ್, ಅರ್ಧ ಚಕ್ರ ಮುಚ್ಚುವ ಸೀರೆ ಗಾರ್ಡ್ ಇರಲೇಬೇಕು ಅಂತ ಕಾನೂನೇ ಇದೆ, ಸೈಕಲ್ಲಿಗೂ ಅದೇ ಬುದ್ಧಿ ಬೇಕು. ಬರಿಗಾಲಿನಲ್ಲಿ, ಚಪ್ಪಲಿಯಲ್ಲಿ ಕೂರಿಸಬೇಡಿ, ಷೂ ಹಾಕಿಸಿ. ದಿಂಬಿನ ಬದಲು ಬೆನ್ನಿಗೆ ಆಸರೆ, ಬೆಲ್ಟ್ ಇರುವ ಸೀಟೇ ಹಾಕಿಸಿ, ಮೊಮ್ಮಗಳು 22 ಕೆ.ಜಿ. ಒಳಗೆ ಇದ್ದರೆ ಇನ್ನೂ ಕೂರಬಹುದು.

ಯಾವತ್ತಾದರೂ ಕಾಲು ಸಿಕ್ಕಿಕೊಂಡರೆ ಎಳೆಯಬೇಡಿ. ಸೈಕಲ್ ಅಲುಗದಂತೆ ಹಿಡಿದು, ಸ್ಪೋಕ್ಸ್ ಬಗ್ಗಿಸಿ ಅಥವಾ ಕತ್ತರಿಸಿ ಕಾಲು ಬಿಡಿಸಿ. ನಲ್ಲಿ ನೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಸುತ್ತಿ ಕರೆದುಕೊಂಡು ಬನ್ನಿ. ಅರಿಶಿನ, ಕಾಫಿ ಪುಡಿ ಹಾಕಬೇಡಿ, ಅದನ್ನು ಗಾಯದಿಂದ ತೆಗೆಯುವಾಗ ಮಗುವಿಗೆ ಇನ್ನೊಮ್ಮೆ ನೋವು. ಗಾಯ ಚಿಕ್ಕದು ಅನ್ನಿಸಿದರೂ ತೋರಿಸಿ.

ಪ್ರಶ್ನೆ (ಒಬ್ಬ ಅಮ್ಮ, ಆರ್.ಟಿ. ನಗರ):

ಹೆಲ್ಮೆಟ್ ಹಾಕಿದರೆ ಕಿತ್ತು ಬಿಸಾಡುತ್ತಾನೆ ಮೇಡಂ. ಎರಡೂವರೆ ವರ್ಷ.

ಡಾಕ್ಟರ್:

ಬಹಳ ಸಲ ಹೆಲ್ಮೆಟ್ ದೊಡ್ಡದಾಗಿರುತ್ತದೆ. "ಬೆಳೆಯುವ ಮಗು" ಅಂತ ದೊಡ್ಡ ಸೈಜ್ ತರುತ್ತೇವೆ, ಅದು ಕಣ್ಣ ಮೇಲೆ ಜಾರಿ ಅವನಿಗೆ ರೇಗುತ್ತದೆ. ಟೈಲರ್ ಟೇಪಿನಲ್ಲಿ ಹುಬ್ಬಿನ ಮೇಲಿಂದ ತಲೆಯ ಸುತ್ತಳತೆ ತೆಗೆದು ತನ್ನಿ. ಈ ವಯಸ್ಸಿಗೆ ಸುಮಾರು 48-49 ಸೆಂ.ಮೀ. ಇರುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿಯಲ್ಲಿ ಒಂದೆರಡು ಬೆರಳು ಮಾತ್ರ ಹಿಡಿಯಬೇಕು. ಜುಟ್ಟು, ಕ್ಲಿಪ್ಪು ಒಳಗೆ ಬೇಡ. ಮನೆಯಲ್ಲಿ ಆಟಕ್ಕೆ ಅಂತ ಐದು ನಿಮಿಷ ಹಾಕಿ ತೆಗೆಯಿರಿ, ಅಪ್ಪನೂ ಜೊತೆಗೆ ಹಾಕಿಕೊಳ್ಳಲಿ. ನಾವು ಬರಿತಲೆಯಲ್ಲಿ ಓಡಿಸಿ ಮಗುವಿಗೆ ಹಾಕು ಅಂದರೆ ಯಾವ ಮಗುವೂ ಕೇಳುವುದಿಲ್ಲ. ಸೈಕಲ್ ಇಳಿದು ಜಾರುಬಂಡೆ ಕಡೆ ಓಡಿದರೆ ಮಾತ್ರ ತಕ್ಷಣ ಬಿಚ್ಚಿ, ಪಟ್ಟಿ ಎಲ್ಲಾದರೂ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಒಮ್ಮೆ ಏಟು ತಿಂದ ಹೆಲ್ಮೆಟ್ ಮತ್ತೆ ಬಳಸಬೇಡಿ, ಮೇಲೆ ಚೆನ್ನಾಗಿ ಕಂಡರೂ ಸರಿ.

ಹೆಲ್ಮೆಟ್ ಇದ್ದೂ ಬಿದ್ದ ಮೇಲೆ ಮಗು ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿ ಮಾಡಿದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರು ರಕ್ತ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಮತ್ತೆ ಬನಶಂಕರಿಯ ಅಮ್ಮ:

ಮೇಡಂ, ನಮ್ಮ ಯಜಮಾನರಿಗೆ ಎಲ್ಲ ಓದಿಸಿದೆ. ಸೀಟು ಅಟ್ಟಕ್ಕೆ ಹೋಯಿತು. ಅಕ್ಕಿ ಮೂಟೆ ಇಟ್ಟು ಈಗಿನಿಂದಲೇ ಅಭ್ಯಾಸ ಮಾಡಲಾ ಅಂತ ಕೇಳುತ್ತಿದ್ದಾರೆ. ಮಗಳಿಗೆ ವರ್ಷ ತುಂಬಿದ ಮೇಲೆ ಬನಶಂಕರಿಯಿಂದ ಕಬ್ಬನ್ ಪಾರ್ಕಿನವರೆಗೂ ಸೈಕಲ್‌ನಲ್ಲೇ ಹೋಗಬಹುದಾ?

ಡಾಕ್ಟರ್:

ಅಭ್ಯಾಸ ಖಂಡಿತ ಮಾಡಲಿ. ಅಷ್ಟು ದೂರ ಮೇನ್ ರೋಡಿನಲ್ಲಿ ಮಗುವಿನ ಜೊತೆ ಬೇಡ. ಅವರು ಸೈಕಲ್ ತುಳಿದುಕೊಂಡು ಮುಂದೆ ಹೋಗಲಿ, ನೀವು ಮಗಳನ್ನು ಎತ್ತಿಕೊಂಡು ಮೆಟ್ರೊ ಹತ್ತಿ. ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿದರೆ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲೇ ಇಳಿಯಬಹುದು. ಭಾನುವಾರ ಪಾರ್ಕಿನ ಒಳಗೆ ವಾಹನ ಬಿಡುವುದಿಲ್ಲ, ಅಲ್ಲಿ ಸೀಟಿಗೆ ಕೂರಿಸಿ, ಮೊದಲ ಸಲ ಹದಿನೈದು ನಿಮಿಷ ಸಾಕು. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಮಗುವನ್ನು ಕೂರಿಸುವಾಗ ಸೈಕಲ್ ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕು.