ಪದಚರ್ಚೆ: ಫೈಲ್ ‘ವರ್ಗಾಯಿಸಿ’ ಅಂದರೆ ಹಳೆಯದು ಅಲ್ಲೇ ಇರುತ್ತದೆಯೋ, ಹೋಗುತ್ತದೆಯೋ?

ಗೆಳೆಯರೇ, ನಮಸ್ಕಾರ.

ಒಂದು ಕ್ರಿಯಾಪದ ಹುಡುಕುತ್ತಿದ್ದೇನೆ. ಹಳೇ ಕಂಪ್ಯೂಟರಿನಲ್ಲಿರುವ ಫೋಟೋ, ಪತ್ರ, ಲೆಕ್ಕದ ಶೀಟುಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ ಅಂತ ನಮ್ಮ ಮನೆಯ ಹಿರಿಯರಿಗಾಗಿ ಎರಡು ಪುಟ ಬರೆಯುತ್ತಿದ್ದೇನೆ. ಕೇಬಲ್ಲು, ಪೆನ್‌ಡ್ರೈವು, ಹಾರ್ಡ್ ಡಿಸ್ಕು ಇದೆಲ್ಲ ಬರೆಯುವುದು ಕಷ್ಟವಾಗಲಿಲ್ಲ. ಸಿಕ್ಕಿಹಾಕಿಕೊಂಡಿದ್ದು ಒಂದೇ ಸಾಲಿನಲ್ಲಿ: “ಫೈಲ್‌ಗಳನ್ನು ಹೊಸ ಕಂಪ್ಯೂಟರಿಗೆ ವರ್ಗಾಯಿಸಿ.”

ಮೊದಲ ಕರಡನ್ನು ಚಿಕ್ಕಪ್ಪನಿಗೆ ಕೊಟ್ಟೆ. ಮೇಷ್ಟ್ರಾಗಿದ್ದವರು, ಬರೆದಿದ್ದನ್ನು ಬರೆದ ಹಾಗೇ ಮಾಡುವವರು. ಮೂರು ದಿನ ಬಿಟ್ಟು ಹೋಗಿ ನೋಡಿದರೆ ಹೊಸ ಕಂಪ್ಯೂಟರಿನಲ್ಲಿ ಒಂದೊಂದು ಫೋಟೋ ಮೂರು ಮೂರು ಸಲ ಕೂತಿದೆ. ಒಂದರ ಹೆಸರಿನ ಕೊನೆಗೆ ಕಂಸದಲ್ಲಿ 2, ಇನ್ನೊಂದಕ್ಕೆ 3. ಯಾಕೆ ಅಂತ ಕೇಳಿದೆ. “ಅಲ್ಲಮ್ಮಾ, ನೀನು ವರ್ಗಾಯಿಸಿ ಅಂತ ಬರೆದಿದ್ದೆ, ಮಾಡಿದೆ. ಆಮೇಲೆ ಹಳೇದ್ರಲ್ಲಿ ನೋಡ್ತೀನಿ, ಎಲ್ಲಾ ಹಾಗೇ ಇದೆ. ಆಗಿಲ್ಲ ಅಂದ್ಕೊಂಡು ಮತ್ತೆ ಮಾಡಿದೆ. ವರ್ಗ ಆದ ಮೇಷ್ಟ್ರು ಹಳೇ ಶಾಲೇಲೂ ಪಾಠ ಮಾಡ್ತಿರ್ತಾರಾ?” ಅಂದರು. ಕಂಪ್ಯೂಟರು ಪ್ರತಿ ಸಲವೂ ಇದೇ ಹೆಸರಿನ ಫೈಲ್ ಆಗಲೇ ಇದೆ, ಏನು ಮಾಡಲಿ ಅಂತ ಕೇಳಿದೆ, ಇವರು ಎರಡನ್ನೂ ಉಳಿಸು ಅಂತ ಒತ್ತಿದ್ದಾರೆ. ಗೊತ್ತಿಲ್ಲದಾಗ ಎರಡನ್ನೂ ಉಳಿಸುವುದೇ ಕ್ಷೇಮ ಅಲ್ವಾ, ನಾನಾಗಿದ್ದರೂ ಅದನ್ನೇ ಒತ್ತುತ್ತಿದ್ದೆ.

ಚಿಕ್ಕಪ್ಪ ಹೇಳಿದ್ದು ಸರಿ. ನೌಕರರು ವರ್ಗ ಆಗುತ್ತಾರೆ, ಒಂದು ಖಾತೆಯಿಂದ ಇನ್ನೊಂದಕ್ಕೆ ಹಣ ವರ್ಗ ಆಗುತ್ತದೆ. ಎಲ್ಲ ಕಡೆಯೂ ಇಲ್ಲಿಂದ ಹೋದರೆ ಮಾತ್ರ ಅಲ್ಲಿಗೆ ಬಂದ ಹಾಗೆ. ಕಂಪ್ಯೂಟರಿನ ಟ್ರಾನ್ಸ್‌ಫರ್ ಹಾಗಲ್ಲ. ನೆಟ್‌ವರ್ಕ್ ಮೇಲೆ ಫೈಲ್ ಕಳಿಸುವ ಎಫ್‌ಟಿಪಿ (ಫೈಲ್ ಟ್ರಾನ್ಸ್‌ಫರ್ ಪ್ರೊಟೊಕಾಲ್) ಅನ್ನುವ ಕ್ರಮ ಇದೆಯಲ್ಲ, ಅದರ ಮೊದಲ ರೂಪವನ್ನು ಅಭಯ್ ಭೂಷಣ್ 1971ರಲ್ಲಿ ಬರೆದರು. ಹೆಸರಿನ ಮಧ್ಯದಲ್ಲೇ ಟ್ರಾನ್ಸ್‌ಫರ್ ಅಂತ ಇದೆ. ಆದರೆ ಕಳಿಸಿದ ಮೇಲೂ ಫೈಲ್ ಹೊರಟ ಜಾಗದಲ್ಲೇ ಇರುತ್ತದೆ, ಅದರದ್ದೇ ಇನ್ನೊಂದು ಪ್ರತಿ ಆ ಕಡೆ ಆಗಿರುತ್ತದೆ. ಇಂಗ್ಲಿಷಿನಲ್ಲಿ ಆ ಪದ ಕಂಪ್ಯೂಟರಿಗೆ ಬಂದಾಗ ಅರ್ಥ ಸಡಿಲವಾಯಿತು. ನಾವು ಸಡಿಲವಾಗದ ಹಳೇ ಅರ್ಥವನ್ನೇ ಕನ್ನಡಕ್ಕೆ ತಂದುಕೊಂಡಿದ್ದೇವೆ.

ಹಾಗಾದರೆ ‘ಮೂವ್’ ಆದರೂ ನಿಜವಾಗಿ ಜರುಗಿಸುವುದಾ? ಒಂದೇ ಡಿಸ್ಕಿನ ಒಂದೇ ಡ್ರೈವಿನೊಳಗೆ ಮೂವ್ ಮಾಡಿದರೆ ಫೈಲು ಕೂತ ಜಾಗದಿಂದ ಕದಲುವುದೇ ಇಲ್ಲ, ಅದು ಯಾವ ಫೋಲ್ಡರಿನದು ಅನ್ನುವ ದಾಖಲೆ ಮಾತ್ರ ಬದಲಾಗುತ್ತದೆ, ಅದಕ್ಕೇ ಎಷ್ಟು ದೊಡ್ಡ ವಿಡಿಯೋ ಆದರೂ ಥಟ್ಟನೆ ಮುಗಿದುಹೋಗುತ್ತದೆ. ಬೇರೆ ಡಿಸ್ಕಿಗೆ ಮೂವ್ ಮಾಡಿದರೆ ಮೊದಲು ಅಲ್ಲಿ ಪ್ರತಿ ಮಾಡಿ ಆಮೇಲೆ ಇಲ್ಲಿಯದನ್ನು ಅಳಿಸುತ್ತದೆ. ಅಂದರೆ ಮೊದಲನೆಯದರಲ್ಲಿ ಸಾಗಣೆ ಇಲ್ಲ, ಎರಡನೆಯದರಲ್ಲಿ ಸಾಗಣೆ ಅಂದುಕೊಂಡಿದ್ದು ನಕಲು ಮತ್ತು ಅಳಿಸುವಿಕೆ. ಇನ್ನೊಂದು ತೊಡಕು. ವಿಂಡೋಸಿನಲ್ಲಿ ಮೌಸಿನಿಂದ ಎಳೆದು ಬಿಟ್ಟರೆ, ಒಂದೇ ಡ್ರೈವಿನೊಳಗಾದರೆ ಮೂವ್ ಆಗುತ್ತದೆ, ಬೇರೆ ಡ್ರೈವಿಗಾದರೆ ಕಾಪಿ ಆಗುತ್ತದೆ. ಕೈ ಮಾಡುವ ಕೆಲಸ ಒಂದೇ. ಹಾಗಾಗಿ ಸುಮ್ನೆ “ಎಳೆದು ಬಿಡಿ” ಅಂತ ಬರೆದು ತಪ್ಪಿಸಿಕೊಳ್ಳುವ ಹಾಗೂ ಇಲ್ಲ.

ಸರಿ, ಆಗುವುದು ಕಾಪಿ ತಾನೆ, ‘ನಕಲು ಮಾಡಿ’ ಅಂತಲೇ ಬರೆಯೋಣ ಅಂದುಕೊಂಡೆ. ಇಲ್ಲಿ ಒಂದು ಸೋಜಿಗ ಸಿಕ್ಕಿತು. ನಕಲು ಅರಬ್ಬಿಯ ‘ನಕ್ಲ್’ನಿಂದ ಬಂದ ಪದ, ಅಲ್ಲಿ ಅದಕ್ಕೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಅಂತಲೇ ಮೊದಲ ಅರ್ಥ. ಒಂದು ಹಾಳೆಯಲ್ಲಿದ್ದ ಮಾತನ್ನು ಇನ್ನೊಂದು ಹಾಳೆಗೆ ಸಾಗಿಸುವುದೂ ನಕ್ಲ್ ಆಯಿತು. ನಮಗೆ ಬರುವಷ್ಟರಲ್ಲಿ ಸಾಗಣೆ ಕಳಚಿಹೋಗಿ ಪ್ರತಿ ಮಾಡುವುದು ಮಾತ್ರ ಉಳಿದಿದೆ. ಇವತ್ತಿಗೂ ಅರಬ್ಬಿ ಕಂಪ್ಯೂಟರುಗಳಲ್ಲಿ ಮೂವ್‌ಗೆ ‘ನಕ್ಲ್’, ಕಾಪಿಗೆ ‘ನಸ್ಖ್’ ಅನ್ನುವ ಬೇರೆ ಪದ. ನಮಗೆ ಕಾಪಿಯಾದದ್ದು ಅವರಿಗೆ ಮೂವ್! ಯಾವುದು ಜರುಗುತ್ತದೆ, ಯಾವುದು ಉಳಿಯುತ್ತದೆ ಅನ್ನುವ ಗೊಂದಲ ಕಂಪ್ಯೂಟರಿಗಿಂತ ಎಷ್ಟೋ ಹಳೆಯದು ಅಂತ ಇದನ್ನು ನೋಡಿದಾಗ ಅನ್ನಿಸಿತು.

ಆದರೂ ನಕಲು ನನಗೆ ಒಗ್ಗಲಿಲ್ಲ. ಅದರ ಪಕ್ಕದಲ್ಲಿ ಯಾವಾಗಲೂ ಅಸಲು ಇರುತ್ತದೆ. ನಕಲು ಅಂದ ಕೂಡಲೇ ಒಂದು ಮೆಟ್ಟಿಲು ಕೆಳಗೆ. ಚಿಕ್ಕಮ್ಮ ಕೇಳಿಯೇಬಿಟ್ಟರು, “ನಕಲು ಮಾಡಿದ ಫೋಟೋ ಮಸುಕಾಗಿರುತ್ತಾ?” ಜೆರಾಕ್ಸ್ ಪ್ರತಿಯ ಮೇಲೆ ಜೆರಾಕ್ಸ್ ತೆಗೆದವರಿಗೆ ಈ ಭಯ ಸಹಜ. ಕಂಪ್ಯೂಟರಿನಲ್ಲಿ ಫೈಲನ್ನು ಇದ್ದ ಹಾಗೇ ಕಾಪಿ ಮಾಡಿದರೆ ಅಸಲು-ನಕಲು ಅನ್ನುವ ವ್ಯತ್ಯಾಸವೇ ಇಲ್ಲ, ಒಳಗಿನದು ಒಂದು ಬಿಟ್ ಕೂಡ ಬದಲಾಗುವುದಿಲ್ಲ. ದಿನಾಂಕದಲ್ಲಿ ಮಾತ್ರ ಒಂದು ವಿಚಿತ್ರ ಆಗುತ್ತದೆ. ವಿಂಡೋಸಿನಲ್ಲಿ ಕಾಪಿ ಮಾಡಿದ ಫೈಲಿನ ಹುಟ್ಟಿದ ದಿನ ಇವತ್ತು ಅಂತ ಬರುತ್ತದೆ, ತಿದ್ದಿದ ದಿನ ಮಾತ್ರ ಹಳೆಯದೇ ಇರುತ್ತದೆ. ಹುಟ್ಟುವ ಮೊದಲೇ ತಿದ್ದಿದ ಹಾಗೆ ಕಾಣುತ್ತದೆ.

‘ಪ್ರತಿ’ ನಕಲಿಗಿಂತ ಮರ್ಯಾದೆಯ ಪದ. ಅತ್ತಿಮಬ್ಬೆ 10ನೇ ಶತಮಾನದಲ್ಲಿ ಶಾಂತಿಪುರಾಣದ 1000 ಪ್ರತಿ ಮಾಡಿಸಿದಳು ಅಂತಲೇ ಎಲ್ಲರೂ ಹೇಳುತ್ತಾರೆ, ನಕಲು ಮಾಡಿಸಿದಳು ಅಂತ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಮಾತಿನಲ್ಲಿ ಪ್ರತಿ ಅಂದರೆ ಮೊದಲು ಹೊಳೆಯುವುದು ‘ಪ್ರತಿ ದಿನ’ದ ಪ್ರತಿ. “ಪ್ರತಿ ಫೈಲಿನ ಪ್ರತಿ” ಅಂತ ಬರೆದು ನೋಡಿ, ಓದುವಾಗ ಎಡವುತ್ತೀರಿ.

ಈಗ ಜನ ನಿಜವಾಗಿ ಆಡುವ ಮಾತಿಗೆ ಬರುತ್ತೇನೆ. ಯಾರೂ ವರ್ಗಾಯಿಸು ಅನ್ನುವುದಿಲ್ಲ. “ಹೊಸದಕ್ಕೆ ಹಾಕ್ಕೊಡು” ಅನ್ನುತ್ತಾರೆ, ಇಲ್ಲವೇ “ಇದರಿಂದ ತೆಗೆದು ಅದಕ್ಕೆ ಹಾಕು” ಅನ್ನುತ್ತಾರೆ. ಈ ‘ತೆಗೆದು ಹಾಕು’ ಬಹಳ ಅಪಾಯದ್ದು. ಚಿಕ್ಕಮ್ಮ ಮಗನಿಗೆ ಅಂತ ಹಳೇ ಕಂಪ್ಯೂಟರಿನ ಪರದೆಗೆ ಒಂದು ಚೀಟಿ ಅಂಟಿಸಿದ್ದರು: “ಇದರಲ್ಲಿರೋ ಫೋಟೋ ಎಲ್ಲಾ ತೆಗೆದು ಹಾಕು.” ತೆಗೆದು ಹೊಸದಕ್ಕೆ ಹಾಕು ಅಂತ ಅವರ ಮನಸ್ಸಿನಲ್ಲಿ. ಅವನು ಓದಿಕೊಂಡಿದ್ದು ತೆಗೆದುಹಾಕು ಅಂತ. ಎಲ್ಲಾ ಆರಿಸಿ ಡಿಲೀಟ್ ಒತ್ತಿದ್ದಾನೆ. ಪುಣ್ಯಕ್ಕೆ ರಿಸೈಕಲ್ ಬಿನ್ ಖಾಲಿ ಮಾಡಿರಲಿಲ್ಲ, ಎಲ್ಲವೂ ಸಿಕ್ಕಿತು. ಆ ಚೀಟಿ ನನ್ನ ಹತ್ತಿರ ಇದೆ. ‘ತೆಗೆದು’ ಮತ್ತು ‘ಹಾಕು’ ನಡುವೆ ಬಿಟ್ಟ ಜಾಗ ಎಷ್ಟು ಚಿಕ್ಕದು ಅಂದರೆ ಅವನನ್ನು ಬೈಯುವ ಹಾಗಿಲ್ಲ. ಬಾಯಲ್ಲಿ ಹೇಳಿದರಂತೂ ಆ ಜಾಗವೂ ಇರುವುದಿಲ್ಲ.

ತೆಗೆ ಅನ್ನುವ ಒಂದೇ ಧಾತು ಹಿಡಿದು ಕೂತರೆ ಎಷ್ಟು ಬರುತ್ತದೆ ನೋಡಿ. ಫೈಲ್ ತೆಗೆ ಅಂದರೆ ಬಿಚ್ಚಿ ನೋಡು. ಫೋಟೋ ತೆಗೆ ಅಂದರೆ ಕ್ಯಾಮೆರಾ ಹಿಡಿ. ತೆಗೆದುಕೊ ಅಂದರೆ ನಿನ್ನ ಹತ್ತಿರ ಇಟ್ಟುಕೊ. ತೆಗೆದಿಡು ಅಂದರೆ ಜೋಪಾನ ಮಾಡು. ತೆಗೆದುಹಾಕು, ತೆಗೆದುಬಿಡು ಅಂದರೆ ಇಲ್ಲದ ಹಾಗೆ ಮಾಡು. ಜೋಪಾನ ಮಾಡುವುದಕ್ಕೂ ಇಲ್ಲವಾಗಿಸುವುದಕ್ಕೂ ಒಂದೇ ಬೇರು, ಬಾಲ ಮಾತ್ರ ಬೇರೆ. ಕನ್ನಡ ಈ ಕೆಲಸವನ್ನು ಮುಖ್ಯ ಕ್ರಿಯಾಪದಕ್ಕೆ ವಹಿಸುವುದೇ ಇಲ್ಲ, ಹಿಂದೆ ಬರುವ ಕೊ, ಇಡು, ಬಿಡು, ಹಾಕುಗಳಿಗೆ ವಹಿಸುತ್ತದೆ. ನಾವು ಇಂಗ್ಲಿಷಿನ ಒಂದೊಂದು ಪದಕ್ಕೂ ಒಂದೊಂದು ಗಟ್ಟಿ ಧಾತು ಹುಡುಕುತ್ತಾ ಕೂತಿರುವುದರಿಂದಲೇ ಈ ಗೊಂದಲ ಅನ್ನಿಸುತ್ತದೆ.

ಇದು ಹೊಳೆದ ಮೇಲೆ ಎರಡನೇ ಕರಡಿನಲ್ಲಿ ಆ ಸಾಲನ್ನು ಹೀಗೆ ಬರೆದೆ: “ಹಳೇದರಲ್ಲಿರುವುದು ಇರಲಿ, ಹೊಸದಕ್ಕೂ ಹಾಕಿಕೊಳ್ಳಿ.” ಇಲ್ಲಿ ಕೆಲಸ ಮಾಡಿದ್ದು ಕ್ರಿಯಾಪದ ಅಲ್ಲ, ‘ಹೊಸದಕ್ಕೂ’ದಲ್ಲಿರುವ ಊ. ಹೊಸದಕ್ಕೆ ಹಾಕಿ ಅಂದರೆ ಹಳೆಯದರ ಗತಿ ಗೊತ್ತಾಗುವುದಿಲ್ಲ. ಹೊಸದಕ್ಕೂ ಹಾಕಿ ಅಂದರೆ ಎರಡು ಕಡೆ ಇರಬೇಕು ಅನ್ನುವುದು ಕೇಳಿದವರಿಗೆ ತಾನಾಗೇ ತಿಳಿಯುತ್ತದೆ. ಚಿಕ್ಕಪ್ಪನಿಗೆ ಮತ್ತೆ ಕೊಟ್ಟೆ. ಒಂದೇ ಸಲಕ್ಕೆ ಮಾಡಿ ಮುಗಿಸಿದರು. “ಹಳೇದನ್ನ ಯಾವಾಗ ಅಳಿಸಲಿ?” ಅಂತ ಅವರೇ ಕೇಳಿದರು. ನನಗೆ ಬೇಕಾಗಿದ್ದ ಪ್ರಶ್ನೆಯೇ ಅದು. ಹೊಸದರಲ್ಲಿ ಎಲ್ಲವೂ ತೆರೆಯುತ್ತಿದೆಯಾ ಅಂತ ನೋಡಿಕೊಳ್ಳುವ ತನಕ ಹಳೆಯದನ್ನು ಮುಟ್ಟಬಾರದು.

ಸಿಂಕ್ ಮತ್ತು ಬ್ಯಾಕಪ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಆ ಎರಡು ಇಂಗ್ಲಿಷ್ ಪದಗಳನ್ನೂ ಹಾಗೇ ಇಟ್ಟುಕೊಂಡಿದ್ದೇನೆ. ಆದರೆ ಎರಡಕ್ಕೂ ‘ಉಳಿಸಿಡು’ ಅಂತ ಬರೆಯುವವರು ದಯವಿಟ್ಟು ಬರೆಯಬೇಡಿ. ಸಿಂಕ್ ಆಗಿರುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಸಿಹೋಗುತ್ತದೆ. ಅದು ಎರಡು ಕಡೆ ಒಂದೇ ಥರ ಇಡುವುದು, ಉಳಿಸಿಡುವುದಲ್ಲ.

ಫೈಲಿಗೆ ಕಡತ ಅನ್ನಬಾರದಾ ಅಂತ ಕೆಲವರು ಕೇಳುತ್ತೀರಿ ಅಂತ ಗೊತ್ತು. ನನಗೆ ಆ ಪದದ ಮೇಲೆ ತುಂಬಾ ಪ್ರೀತಿ. ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಕಪ್ಪಾದ ಮೇಲೆ ಬಳಪದಲ್ಲಿ ಬರೆದು, ಮಡಚಿ ಇಡುತ್ತಿದ್ದದ್ದೇ ಕಡತ. ಅಳಿಸಿ ಮತ್ತೆ ಬರೆಯಬಹುದಿತ್ತು, ಆ ಲೆಕ್ಕಕ್ಕೆ ಡಿಸ್ಕಿನ ಫೈಲಿಗೆ ಕಾಗದದ ಫೈಲಿಗಿಂತ ಅದೇ ಹತ್ತಿರ. ಆದರೆ ಮನೆಯವರು ಓದುವ ಎರಡು ಪುಟದಲ್ಲಿ ಫೈಲ್ ಅಂತಲೇ ಇರಲಿ.

ಈಗ ನನ್ನ ಪ್ರಶ್ನೆಗಳು. ಸಾಲು ಬರೆಯುವಾಗ ಊ ಸಾಕು, ಆದರೆ ತಲೆಬರಹಕ್ಕೆ, ಗುಂಡಿಯ ಮೇಲೆ ಬರೆಯುವುದಕ್ಕೆ ಒಂದೇ ಪದ ಬೇಕಾಗುತ್ತದೆ. ಮೂಲ ಉಳಿಯದ ಮೂವ್‌ಗೆ ನಾನು ‘ಸಾಗಿಸು’ ಅಂತ ಇಟ್ಟಿದ್ದೇನೆ, ಸಾಗಿಸಿದ ಸಾಮಾನು ಎರಡು ಕಡೆ ಇರುವುದಿಲ್ಲವಲ್ಲ. ‘ಸರಿಸು’ ಅಂದರೆ ಪಕ್ಕಕ್ಕೆ ತಳ್ಳಿದ ಹಾಗೆ ಕೇಳುತ್ತದೆ, ‘ಸ್ಥಳಾಂತರಿಸು’ ಕಚೇರಿಯ ಮಾತು. ಇಲ್ಲಿ ನಿಮ್ಮ ಕಿವಿಗೆ ಯಾವುದು ಸರಿ?

ಎರಡನೆಯದು ಇನ್ನೂ ಕಷ್ಟ. ಪ್ರತಿ ಮಾಡುವುದು, ನೋಡಿಕೊಳ್ಳುವುದು, ಆಮೇಲೆ ಹಳೆಯದನ್ನು ಅಳಿಸುವುದು, ಇಷ್ಟೂ ಸೇರಿದ ಕೆಲಸಕ್ಕೆ ಏನನ್ನಬೇಕು? ‘ವಲಸೆ’ ಅಂತ ಬಳಸಿದ್ದು ನೋಡಿದ್ದೇನೆ. ವಲಸೆಯಲ್ಲಿ ಬಿಟ್ಟುಬಂದ ನೋವಿದೆ, ಫೋಟೋಗಳಿಗೆ ಅದು ಬೇಡ ಅನ್ನಿಸುತ್ತದೆ. ನನ್ನ ಮನಸ್ಸು ‘ಒಕ್ಕಲು’ ಕಡೆಗೆ ಹೋಗುತ್ತಿದೆ. ಹೊಸ ಮನೆಗೆ ಒಕ್ಕಲು ಹೋದೆವು ಅನ್ನುತ್ತೇವಲ್ಲ, ಅದರಲ್ಲಿ ಸಾಮಾನು ಸಾಗಿಸಿದ್ದು ಮಾತ್ರ ಅಲ್ಲ, ಅಲ್ಲಿ ನೆಲೆಯಾಗಿದ್ದೂ ಸೇರಿದೆ. “ಹೊಸ ಕಂಪ್ಯೂಟರಿಗೆ ಒಕ್ಕಲು” ಅಂತ ತಲೆಬರಹ ಕೊಟ್ಟರೆ ಓದಿದ ಕೂಡಲೇ ಅರ್ಥ ಆಗುತ್ತದಾ, ಅಥವಾ ಒಕ್ಕಲು ಅಂದರೆ ನಿಮ್ಮ ಕಡೆ ಬೇಸಾಯವೇ ಮೊದಲು ನೆನಪಾಗುತ್ತದಾ?