ಇಗ್ಬೊ ಹಳ್ಳಿಯೊಳಗೆ ಚರ್ಚು ಬೇರೂರಿದ್ದು ಹೇಗೆ?

ಪ್ರಶ್ನೆ

ಆಗ್ನೇಯ ನೈಜೀರಿಯಾದ ಇಗ್ಬೊ ನಾಡಿನ ಚರಿತ್ರೆಯಲ್ಲಿ ಒಂದು ವಿಷಯ ಬಗೆಹರಿಯುತ್ತಿಲ್ಲ. ನೈಜರ್ ನದಿ ದಂಡೆಯ ಒನಿಚಾದಲ್ಲಿ ಮೊದಲ ಮಿಷನ್ ಶುರುವಾದದ್ದು 1857ರಲ್ಲಿ. ನಲವತ್ತು ವರ್ಷ ಕಳೆದರೂ ಅದು ನದಿಯ ಆಸುಪಾಸಿನ ಊರುಗಳನ್ನು ದಾಟಿ ಹೆಚ್ಚು ದೂರ ಹೋಗಲಿಲ್ಲ. ಆದರೆ 1900ರ ನಂತರದ ಮೂವತ್ತು ವರ್ಷಗಳಲ್ಲಿ ಒಳನಾಡಿನ ಊರೂರಿಗೂ ಚರ್ಚು, ಶಾಲೆ ಬಂದವು. ನಡುವೆ ಆದದ್ದೇನು? ‘ಹೊಕ್ಕವರು ಸಾಯುತ್ತಾರೆಂದು ಜನ ಹೆದರುತ್ತಿದ್ದ ಕೆಟ್ಟ ಕಾಡಿನಲ್ಲಿ ಜಾಗ ಕೊಟ್ಟರು, ಪಾದ್ರಿಗಳು ಸಾಯಲಿಲ್ಲ, ಜನ ನಂಬಿದರು’ ಎಂಬ ವಿವರಣೆ ಎಲ್ಲ ಕಡೆ ಸಿಗುತ್ತದೆ. ಅಷ್ಟು ಸಾಕೇ? ಹಳ್ಳಿಯ ಒಳಗೆ ಯಾವ ಯಾವ ಕಟ್ಟು ಸಡಿಲಾಯಿತು ಎಂಬುದನ್ನು ಬಲ್ಲವರು ಬಿಡಿಸಿ ಹೇಳಿ.

ಉತ್ತರ 1

ಸಾಲದು. ಮೊದಲು ಕಾಲಕ್ರಮ ನೋಡಿ.

1857ರ ಆಂಗ್ಲಿಕನ್ ತಂಡದ ಮುಂದಾಳು ಸ್ಯಾಮ್ಯುಯೆಲ್ ಅಜಾಯಿ ಕ್ರೌತರ್. ಗುಲಾಮಗಿರಿಯಿಂದ ಬಿಡುಗಡೆಯಾದ ಯೊರುಬಾ ಮನುಷ್ಯ, 1864ರಲ್ಲಿ ಬಿಷಪ್ ಆದವರು. ಒನಿಚಾದಲ್ಲಿ ಉಳಿದು ಕೆಲಸ ಮಾಡಿದ ಜಾನ್ ಕ್ರಿಸ್ಟೋಫರ್ ಟೇಲರ್ ಸಿಯೆರಾ ಲಿಯೋನಿನಲ್ಲಿ ಇಗ್ಬೊ ತಂದೆತಾಯಿಗೆ ಹುಟ್ಟಿದವರು. ಅಂದರೆ ಇಗ್ಬೊ ನೆಲದ ಮೊದಲ ಪಾದ್ರಿಗಳು ಬಿಳಿಯರಲ್ಲ. ಇದನ್ನು ಮರೆತು ಬರೆದ ಲೇಖನಗಳೇ ಜಾಸ್ತಿ.

ಕ್ಯಾಥೊಲಿಕರು ಫಾದರ್ ಲುಟ್ಜ್ ನೇತೃತ್ವದಲ್ಲಿ 1885ರಲ್ಲಿ ಬಂದರು. ಗುಲಾಮರನ್ನು ಹಣ ಕೊಟ್ಟು ಬಿಡಿಸಿ, ಅವರಿಗಾಗಿ ಪ್ರತ್ಯೇಕ ಕ್ರೈಸ್ತ ಹಳ್ಳಿ ಕಟ್ಟುವುದು ಅವರ ಮೊದಲ ಕ್ರಮ. ಅದು ತಿರುಗಿ ಹೊಡೆಯಿತು. ‘ಚರ್ಚು ಗುಲಾಮರ ಜಾಗ’ ಎಂಬ ಭಾವನೆ ಹುಟ್ಟಿ ಮನೆತನಸ್ಥರು ದೂರ ಉಳಿದರು. 1905ರಲ್ಲಿ ಹೊಣೆ ಹೊತ್ತ ಜೋಸೆಫ್ ಶಾನಹನ್ ಇದನ್ನು ಸರಿಯಾಗಿ ಗ್ರಹಿಸಿ, ಹಣವನ್ನೂ ಜನರನ್ನೂ ಹಳ್ಳಿ ಶಾಲೆಗಳ ಕಡೆ ತಿರುಗಿಸಿದರು.

ಅಷ್ಟರಲ್ಲಿ ಬಂದೂಕು ತನ್ನ ಕೆಲಸ ಮಾಡಿತ್ತು. 1901–02ರ ದಂಡಯಾತ್ರೆಯಲ್ಲಿ ಬ್ರಿಟಿಷರು ಅರೊಚುಕ್ವು ಎಂಬ ಊರಿನ ಇಬಿನಿ ಉಕ್ಪಾಬಿ ದೈವಸ್ಥಾನವನ್ನು ಧ್ವಂಸ ಮಾಡಿದರು. ಊರಲ್ಲಿ ಬಗೆಹರಿಯದ ವ್ಯಾಜ್ಯಕ್ಕೆ ಅದೇ ಕಡೆಯ ನ್ಯಾಯಪೀಠವಾಗಿತ್ತು. ಆ ಜಾಗಕ್ಕೆ ಸರ್ಕಾರಿ ನ್ಯಾಯಾಲಯ ಬಂತು, ಸನದು ಕೊಟ್ಟು ನೇಮಿಸಿದ ‘ವಾರಂಟ್ ಚೀಫ್’ ಬಂದ, ಜೊತೆಗೆ ಗುಮಾಸ್ತ, ದುಭಾಷಿ. ಇಂಗ್ಲಿಷ್ ಬಲ್ಲ ಒಬ್ಬ ಹುಡುಗನೂ ಇಲ್ಲದ ಊರು ದುಭಾಷಿ ಹೇಳಿದ್ದನ್ನು ನಂಬಬೇಕು, ಕೇಳಿದ್ದನ್ನು ಕೊಡಬೇಕು. ಆದ್ದರಿಂದ ಊರಿನವರೇ ಶಾಲೆ ಕೇಳಿ ಬಂದರು. ನೆಲ ಕೊಟ್ಟರು, ಮಣ್ಣಿನ ಗೋಡೆ ಎಬ್ಬಿಸಿದರು, ಹುಲ್ಲು ಹೊದಿಸಿದರು. ಪಕ್ಕದ ಊರಿಗೆ ಶಾಲೆ ಬಂದರೆ ನಮ್ಮೂರಿಗೇಕಿಲ್ಲ ಎಂಬ ಪೈಪೋಟಿಯೂ ಸೇರಿತು. ಆಂಗ್ಲಿಕನ್ ಶಾಲೆಗಳು ಇಗ್ಬೊ ಓದಿಗೆ ಹೆಚ್ಚು ಒತ್ತು ಕೊಟ್ಟವು, ಶಾನಹನ್ ಇಂಗ್ಲಿಷಿಗೆ. ತಂದೆತಾಯಿಗೆ ಬೇಕಾಗಿದ್ದದ್ದು ಇಂಗ್ಲಿಷ್.

ಉತ್ತರ 2

ಮೇಲಿನದು ಹೊರಗಿನ ಕಥೆ. ಒಳಗೆ ನಡೆದದ್ದು ಅರ್ಥವಾಗಬೇಕಾದರೆ ಅಲಾ ಎಂಬ ಭೂದೇವತೆಯಿಂದ ಶುರು ಮಾಡಬೇಕು. ಆತ್ಮಹತ್ಯೆ, ಅವಳಿ ಜನನ, ಸಿಡುಬಿನಂಥ ರೋಗದ ಸಾವು, ಇವೆಲ್ಲ ನೆಲಕ್ಕೆ ಮೈಲಿಗೆಯಾಗಿದ್ದವು. ಅಂಥ ಹೆಣವನ್ನು ಮನೆಯಂಗಳದಲ್ಲಿ ಹೂಳುವಂತಿರಲಿಲ್ಲ, ಅಜೊ ಒಫಿಯಾ ಎಂಬ ಕೆಟ್ಟ ಕಾಡಿಗೆ ಎಸೆಯಬೇಕಿತ್ತು. ಆ ಕಾಡಿನಲ್ಲಿ ಯಾರೂ ಗೆಣಸು (ಯಾಮ್ ಗಡ್ಡೆ) ನೆಡುತ್ತಿರಲಿಲ್ಲ. ಹಾಗಾಗಿ ಮಿಷನ್ನಿಗೆ ಕೊಡಲು ಹಿರಿಯರಿಗೆ ನಷ್ಟವೇನೂ ಇರಲಿಲ್ಲ. ಪಾದ್ರಿಗಳು ಬದುಕುಳಿದದ್ದು ಜನರನ್ನು ಬೆರಗುಗೊಳಿಸಿತು ನಿಜ. ಆದರೆ ಬೆರಗಾದವರೆಲ್ಲ ಮತ ಬದಲಿಸಲಿಲ್ಲ.

ಬದಲಿಸಿದವರು ಯಾರು? ಮೈಲಿಗೆಯ ಭಾರ ಹೊತ್ತವರು. ಮೈಲಿಗೆಯೆಂದು ಕಾಡಿಗೆ ಎಸೆದ ಅವಳಿ ಮಕ್ಕಳನ್ನು ಕಳೆದುಕೊಂಡ ತಾಯಂದಿರು. ದೈವಕ್ಕೆ ಒಪ್ಪಿಸಲಾದ ಒಸು ಮನೆತನದವರು. ಅವರ ಜೊತೆ ಸ್ವತಂತ್ರ ಮನೆತನಗಳಿಗೆ ಮದುವೆ ಸಂಬಂಧವಿರಲಿಲ್ಲ. ಒಸುವನ್ನು ಅದೇ ಬೆಂಚಿನಲ್ಲಿ ಕೂರಿಸಿದಾಗ ಎದ್ದುಹೋದ ಸ್ವತಂತ್ರರೂ ಇದ್ದರು. ಚರ್ಚು ಬೆಂಚನ್ನು ಒಂದಾಗಿಸಿತು, ಮದುವೆಯನ್ನು ಒಂದಾಗಿಸಲು ಆಗಲಿಲ್ಲ. 1956ರಲ್ಲಿ ಪೂರ್ವ ಪ್ರಾಂತ್ಯದ ಶಾಸನಸಭೆ ಒಸು ಪದ್ಧತಿಯನ್ನು ಕಾನೂನಿನಿಂದ ರದ್ದುಮಾಡಿತು. ಇವತ್ತಿಗೂ ಹೆಣ್ಣುಗಂಡು ನೋಡುವಾಗ ಕ್ರೈಸ್ತ ಕುಟುಂಬಗಳೇ ಆ ವಿಚಾರಣೆ ನಡೆಸುತ್ತವೆ. ಇದು ನೋವಿನ ಸಂಗತಿ.

ಒಂದು ತಿದ್ದುಪಡಿ: ಅವಳಿ ಮಕ್ಕಳ ಪ್ರಸ್ತಾಪ ಬಂದಲ್ಲೆಲ್ಲ ಸ್ಕಾಟ್ಲೆಂಡಿನ ಮಿಷನರಿ ಮೇರಿ ಸ್ಲೆಸರ್ ಹೆಸರು ಸೇರಿಸುತ್ತಾರೆ. 1876ರಲ್ಲಿ ಕಲಬಾರ್‌ಗೆ ಬಂದ ಆಕೆಯ ಕೆಲಸ ಬಹುಪಾಲು ಎಫಿಕ್, ಒಕೊಯೊಂಗ್, ಇಬಿಬಿಯೊ ಜನರ ನಡುವೆ. ಒಳ ಇಗ್ಬೊ ಹಳ್ಳಿಗಳಲ್ಲಿ ಅಲ್ಲ.

ಉತ್ತರ 3

ವಾರದ ಲೆಕ್ಕವನ್ನು ಯಾರೂ ಮುಟ್ಟಲಿಲ್ಲ. ದಿನನಿತ್ಯದ ತಿಕ್ಕಾಟ ಹುಟ್ಟಿದ್ದೇ ಅಲ್ಲಿ.

ಇಗ್ಬೊ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ಎನ್ಕ್ವೊ. ಒಂದೊಂದು ಊರಿನ ಸಂತೆ ಒಂದೊಂದು ದಿನ. ಏಳು ವಾರಕ್ಕೆ ಒಂದು ತಿಂಗಳು, ಅಂದರೆ 28 ದಿನ. ಇದರ ಮೇಲೆ ಏಳು ದಿನಗಳ ವಾರ ಇಟ್ಟು ನೋಡಿ. ಮೊದಲ ಭಾನುವಾರ ಎಕೆಗೆ ಬಿದ್ದರೆ ಮುಂದಿನದು ಎನ್ಕ್ವೊಗೆ, ಆಮೇಲೆ ಅಫೊಗೆ, ನಂತರ ಒರಿಯೆಗೆ. 28 ದಿನಕ್ಕೊಮ್ಮೆ ಊರಿನ ಸಂತೆ ಭಾನುವಾರವೇ ಬರುತ್ತದೆ. ಏಳು ಸಂತೆಯಲ್ಲಿ ಒಂದನ್ನು ಕ್ರೈಸ್ತ ಹೆಂಗಸು ಬಿಡಬೇಕು, ಮಾರಾಟ ಹೋಯಿತು. ಇತ್ತ ಊರು ದೈವಕ್ಕೆಂದು ಹೊಲದ ಕೆಲಸ ನಿಲ್ಲಿಸಿದ ದಿನ ಕ್ರೈಸ್ತ ಗಂಡಸು ಗುದ್ದಲಿ ಹಿಡಿದು ಹೊರಟ. ಆ ದಿನ ನೆಲ ಅಗೆಯುವುದು ಅಲಾಳಿಗೆ ಅಪಚಾರ. ಫಸಲು ಕೆಟ್ಟರೆ ದೂರು ಅವನ ಮೇಲೆ.

ಎರಡನೆಯ ಬಿರುಕು ಒಫೊ. ಅದು ಆ ಹೆಸರಿನದೇ ಮರದ ಕೊಂಬೆಯ ಕೋಲು, ಪೂರ್ವಿಕರ ಅಧಿಕಾರದ ಗುರುತು. ತಂದೆ ತೀರಿಕೊಂಡ ಮೇಲೆ ಅದನ್ನು ಹಿಡಿಯಬೇಕಾದವನು ಹಿರಿಯ ಮಗ ಒಕ್ಪಾರಾ. ಬೆಳಗ್ಗೆ ಕೋಲಾ ಕಾಯಿ ಒಡೆದು ಪೂರ್ವಿಕರನ್ನು ಕರೆಯುವವನೂ, ದಾಯಾದಿಗಳ ಕೂಟವಾದ ಉಮುನ್ನಾ ಪರವಾಗಿ ಬಲಿ ಕೊಡುವವನೂ ಅವನೇ. ಶಾಲೆಗೆ ಹೋಗಿ ದೀಕ್ಷಾಸ್ನಾನ ಪಡೆದವನು ಹಿರಿಯ ಮಗನಾಗಿದ್ದರೆ ಇಡೀ ದಾಯಾದಿ ಮನೆತನದ ಕೊಂಡಿಯೇ ಕಳಚಿತು. ಬಲಿಯಿಲ್ಲದೆ ಒಜೊ ಎಂಬ ಪ್ರತಿಷ್ಠೆಯ ಪದವಿ ಸಿಗುತ್ತಿರಲಿಲ್ಲ, ಚರ್ಚು ಬಲಿಗೆ ಒಪ್ಪುತ್ತಿರಲಿಲ್ಲ. ಈ ಜಗಳ ದಶಕಗಳ ಕಾಲ ಎಳೆಯಿತು. ಇಗ್ಬೊ ಹಳ್ಳಿಗಳಲ್ಲಿ ಬಹುಪಾಲು ರಾಜನಿರಲಿಲ್ಲ. ಅಪ್ಪಣೆಯಿಂದ ಊರಿಗೆ ಊರೇ ಮತಾಂತರವಾಗುವ ದಾರಿ ಇರಲಿಲ್ಲ, ಹಾಗೆಯೇ ಅಪ್ಪಣೆಯಿಂದ ತಡೆಯುವ ದಾರಿಯೂ. ಒಡಕು ಮನೆಮನೆಯೊಳಗೇ ಬಿತ್ತು.

ಇನ್ನು ಮಾತು. ಚುಕ್ವು ಎಂದರೆ ‘ದೊಡ್ಡ ಚಿ’. ಚಿ ಎಂದರೆ ಪ್ರತಿಯೊಬ್ಬರ ಪಾಲಿನ ದೈವ. ಅರೊಚುಕ್ವುವಿನ ದೈವವನ್ನೂ ಚುಕ್ವು ಎಂದೇ ಕರೆಯುತ್ತಿದ್ದರು. ಅದೇ ಪದ ಬೈಬಲ್ಲಿನ ದೇವರಿಗೆ ಬಂತು. ನದಿಯ ಪಶ್ಚಿಮ ದಂಡೆಯ ಕೆಲವು ಊರುಗಳಲ್ಲಿ ಯುದ್ಧದ ಶಕ್ತಿಯೆಂದು ಹಬ್ಬ ಮಾಡಿಸಿಕೊಳ್ಳುತ್ತಿದ್ದ ಎಕ್ವೆನ್ಸು ಸೈತಾನನಾದ. ಮಾತುಕತೆ ಎಂಬ ಅರ್ಥದ ಊಕಾ ಚರ್ಚಿನ ಹೆಸರಾಯಿತು. ಆಂಗ್ಲಿಕನ್ ಮಿಷನರಿ ಆರ್ಚ್‌ಡೀಕನ್ ಡೆನಿಸ್ ಮತ್ತು ಅವರ ಇಗ್ಬೊ ಸಹಾಯಕರು ಹಲವು ಉಪಭಾಷೆಗಳನ್ನು ಬೆರೆಸಿ ಸಿದ್ಧಪಡಿಸಿದ ಬೈಬಲ್ 1913ರಲ್ಲಿ ಹೊರಬಂತು. ಆ ಬೆರಕೆ ಇಗ್ಬೊ ಯಾವ ಊರಿನವರ ಮನೆಮಾತೂ ಅಲ್ಲ. ಆದರೂ ಅಕ್ಷರ ಕಲಿತವರು ಕಲಿತದ್ದು ಅದರಲ್ಲೇ.

ಪ್ರಶ್ನೆ ಕೇಳಿದವರು

ಒಫೊ ವಿಷಯ ಗೊತ್ತೇ ಇರಲಿಲ್ಲ, ತುಂಬ ಧನ್ಯವಾದ. ಹಾಗಾದರೆ ಹಳೆಯದೆಲ್ಲ ಹೋಯಿತು ಅನ್ನಬಹುದೇ?

ಉತ್ತರ 3

ಇಲ್ಲ. ಅಲಾಳ ಹೆಸರಿನಲ್ಲಿ ಒವೆರಿ ಕಡೆ ಕಟ್ಟುತ್ತಿದ್ದ ಎಂಬಾರಿ ಮಣ್ಣಿನ ಮನೆಗಳ ಕಲೆ ಬಹುತೇಕ ನಿಂತುಹೋಯಿತು. ಅದು ದೊಡ್ಡ ನಷ್ಟವೇ. ಕೋಲಾ ಕಾಯಿ ಒಡೆಯುವ ಪ್ರಾರ್ಥನೆ ಉಳಿದಿದೆ, ಕೊನೆಯಲ್ಲಿ ಏಸುವಿನ ಹೆಸರು ಸೇರಿದೆ. ಮುಖವಾಡದ ಕುಣಿತವೂ ಇದೆ. ಹೊಸ ಗೆಣಸಿನ ಹಬ್ಬದಲ್ಲಿ ಎಷ್ಟೋ ಕಡೆ ಮೊದಲ ಗೆಣಸು ಈಗ ಪಾದ್ರಿಯ ಆಶೀರ್ವಾದಕ್ಕೂ ಹೋಗುತ್ತದೆ, ಆಮೇಲೆ ಹಿರಿಯನ ಚೂರಿಗೆ.